ನಮ್ಮೂರ ಆ ನಾಲ್ಕು ಸಾಲು ಯಾಕೆ ಉಳಿಯಲಿಲ್ಲ?

ಧಾರವಾಡದ ಒಂದು ಕಾಲೇಜಿನ ಕಂಪ್ಯೂಟರ್ ಕೋಣೆ, ಭಾನುವಾರ ಬೆಳಿಗ್ಗೆ. ಕನ್ನಡ ವಿಕಿಪೀಡಿಯದಲ್ಲಿ ಬರೆಯುವುದನ್ನು ಕಲಿಯಲು ಬಂದವರು 11 ಜನ. ಕಲಿಸಲು ನಿಂತವರು ನಮ್ಮ ಬಳಗದ ಇಬ್ಬರು. ವಿಕಿಪೀಡಿಯ ಅಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವಿಶ್ವಕೋಶ ಎಂದು ಹೇಳಿ ಮುಗಿಸುವುದರೊಳಗೆ ಕರೆಂಟ್ ಹೋಯಿತು. ಎಲ್ಲರೂ ಫೋನ್ ತೆಗೆದರು.

ಕಲಘಟಗಿ ಕಡೆಯ ಹಳ್ಳಿಯಿಂದ ಬಂದಿದ್ದ ಬಿ.ಎ. ಓದುವ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂಚೆ ಖಾತೆ ತೆರೆದಳು. ತನ್ನೂರಿನ ಪುಟ ಹುಡುಕಿದಳು. ಪುಟ ಇತ್ತು, ಅದರಲ್ಲಿ ಇದ್ದದ್ದು ಒಂದೇ ಸಾಲು. ಅದರ ಕೆಳಗೆ ನಾಲ್ಕು ಸಾಲು ಸೇರಿಸಿ 'ಪ್ರಕಟಿಸಿ' ಒತ್ತಿದಳು. ಊರಿಗೆ ಆ ಹೆಸರು ಹೇಗೆ ಬಂತು, ಹಿಂದೆ ಅಲ್ಲೊಂದು ಹುಡೇವು ಇತ್ತು, ಸಂಗೊಳ್ಳಿ ರಾಯಣ್ಣನ ಕಡೆಯವರು ಒಂದು ರಾತ್ರಿ ಅಲ್ಲಿ ತಂಗಿದ್ದರು. ಎಲ್ಲಾ ಅಜ್ಜ ಹೇಳಿದ ಮಾತು. ನಾವು ಚಹಾ ಕುಡಿದು ಬರುವುದರೊಳಗೆ ಆ ನಾಲ್ಕೂ ಸಾಲು ಇರಲಿಲ್ಲ.

"ಯಾಕ ತಗದಾರ್ರೀ ಅಣ್ಣಾರ? ನಮ್ಮೂರ ಸುದ್ದಿ ನಮಗಿಂತ ಅವ್ರಿಗೆ ಹೆಚ್ಚಿಗಿ ಗೊತ್ತೈತೇನು?"

ತೆಗೆದವರು ಕಾರಣ ಬರೆದಿದ್ದರು: ಆಧಾರ ಇಲ್ಲ. ಅಲ್ಲಿನ ನಿಯಮದ ಪ್ರಕಾರ ಅದು ಸರಿ. ತಪ್ಪು ನಮ್ಮದು. ಬೆಳಿಗ್ಗೆಯೆಲ್ಲಾ ಯಾವ ಬಟನ್ ಎಲ್ಲಿದೆ ಎಂದು ತೋರಿಸುತ್ತಾ ಕೂತಿದ್ದೆವು. ಆಧಾರದ ಮಾತನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿದ್ದೆವು. ಊಟಕ್ಕೆ ಎಂದು ಹೋದವಳು ಮಧ್ಯಾಹ್ನ ವಾಪಸ್ ಬರಲಿಲ್ಲ.

ಅವತ್ತು ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದ ಇದೆ. ಯಾಕಂದರೆ ಆ ಉತ್ತರ ಶುರುವಾಗುವುದು 200 ವರ್ಷದ ಹಿಂದೆ, ಇದೇ ಧಾರವಾಡ ಸೀಮೆಯಲ್ಲಿ.

ಕಿತ್ತೂರಿನ ಕೈದಿ ಮತ್ತು 595 ಶಾಸನ

1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅವತ್ತೇ ಚೆನ್ನಮ್ಮನ ಸೈನ್ಯಕ್ಕೆ ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆ ಸಿಕ್ಕರು. ಒಬ್ಬರು ಸ್ಟೀವನ್‌ಸನ್, ಇನ್ನೊಬ್ಬರು ವಾಲ್ಟರ್ ಎಲಿಯಟ್. ಎಲಿಯಟ್‌ಗೆ ಆಗ ಇಪ್ಪತ್ತೊಂದರ ಆಸುಪಾಸಿನ ವಯಸ್ಸು.

ಬಿಡುಗಡೆಯಾದ ಮೇಲೆ ಅವರು ಈ ಸೀಮೆಯಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದರು. ಗುಡಿಯ ಗೋಡೆಗೆ ಒರಗಿಸಿದ, ಕೆರೆ ಏರಿಯ ಮೇಲೆ ನಿಂತ, ಹೊಲದ ಬದುವಿನಲ್ಲಿ ಬಿದ್ದ ಶಾಸನಗಳ ಹುಚ್ಚು ಹತ್ತಿತು. ಒಬ್ಬ ಅಧಿಕಾರಿಯಿಂದ ಆಗುವ ಕೆಲಸ ಅದಲ್ಲ. ಕಲ್ಲಿನ ಮುಂದೆ ಕೂತು ಹಳಗನ್ನಡದ ಅಕ್ಷರ ಬಿಡಿಸಿ ಕಾಗದಕ್ಕೆ ಇಳಿಸಿದವರು ಇಲ್ಲಿನ ಓದುಬರಹ ಬಲ್ಲ ಜನ. ಹಾಗೆ ಕೂಡಿದ್ದು 595 ಶಾಸನಗಳ ನಕಲು. ಸಂಪುಟದ ಮೇಲೆ ಇರುವುದು ಎಲಿಯಟ್ ಹೆಸರು. ಇವತ್ತು ಚಾಲುಕ್ಯರು, ಕಲಚುರಿಗಳು ಎಂದು ನಾವು ಸಲೀಸಾಗಿ ಪಟ್ಟಿ ಹೇಳುತ್ತೇವಲ್ಲ, ಆ ಪಟ್ಟಿಗೆ ಮೊದಲ ಗೆರೆ ಎಳೆದದ್ದರಲ್ಲಿ ಈ ನಕಲುಗಳ ಪಾಲು ದೊಡ್ಡದು.

ಕಣ್ಣಿನಿಂದ ನೋಡಿ ಕೈಯಿಂದ ಬರೆದ ನಕಲಿನಲ್ಲಿ ತಪ್ಪು ಬಂದೇ ಬರುತ್ತದೆ. ಸವೆದ ಅಕ್ಷರ, ಬಿಟ್ಟುಹೋದ ಸಾಲು, ಊಹೆಯಿಂದ ತುಂಬಿದ ಪದ. ಅದನ್ನು ತಿದ್ದುವ ಕೆಲಸ 40 ವರ್ಷದ ಮೇಲೆ ಇನ್ನೊಬ್ಬರ ಪಾಲಿಗೆ ಬಂತು. ಜೆ.ಎಫ್. ಫ್ಲೀಟ್ 1867ರಲ್ಲಿ ಮುಂಬೈ ಸರ್ಕಾರದ ನೌಕರಿಗೆ ಬಂದವರು. 1872ರಲ್ಲಿ ಶುರುವಾದ 'ಇಂಡಿಯನ್ ಆಂಟಿಕ್ವರಿ' ಎಂಬ ಮಾಸಪತ್ರಿಕೆಯಲ್ಲಿ ನಮ್ಮ ಕಡೆಯ ಶಾಸನಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿದರು.

ಅವರು ಬರೆಯುವ ಕ್ರಮ ನೋಡಬೇಕು. ಕಲ್ಲು ಯಾವ ಊರಲ್ಲಿದೆ, ಯಾವ ಗುಡಿಯ ಯಾವ ಮಗ್ಗುಲಲ್ಲಿದೆ ಎಂದು ಮೊದಲು ಹೇಳುತ್ತಾರೆ. ಎಲಿಯಟ್ ಸಂಗ್ರಹದಲ್ಲಿ ಅದರ ನಕಲು ಇದ್ದರೆ ಎಷ್ಟನೇ ಸಂಪುಟ, ಎಷ್ಟನೇ ಪುಟ ಎಂದು ಕೊಡುತ್ತಾರೆ. ಆಮೇಲೆ ಕಲ್ಲಿನ ಪಡಿಯಚ್ಚು ನೋಡಿ ತಾವು ಓದಿದ ಪಾಠ ಇಡುತ್ತಾರೆ. ಅಂದರೆ ಹಳೆಯ ನಕಲನ್ನು ಮುಚ್ಚಿಡಲಿಲ್ಲ, ಹಾಗೇ ನಂಬಲೂ ಇಲ್ಲ. ಓದುವವನಿಗೆ ಬೇಕಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ವಿಕಿಪೀಡಿಯದ ಪ್ರತಿ ಪುಟದ ಮೇಲೆ 'ಇತಿಹಾಸ' ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಯಾರು, ಯಾವ ದಿನ, ಯಾವ ಪದ ಸೇರಿಸಿದರು, ಯಾವುದನ್ನು ತೆಗೆದರು ಎಂಬುದು ಸಾಲಾಗಿ ಕಾಣುತ್ತದೆ. ಆ ಹುಡುಗಿಯ ನಾಲ್ಕು ಸಾಲು ಕೂಡ ಅಲ್ಲಿ ಈಗಲೂ ಇವೆ. ಇದನ್ನು ಅವಳಿಗೆ ಅವತ್ತೇ ತೋರಿಸಿದ್ದರೆ, ಬರೆದದ್ದು ಮಣ್ಣುಪಾಲಾಯಿತು ಎಂದು ಎದ್ದು ಹೋಗುತ್ತಿರಲಿಲ್ಲವೇನೋ.

ಅಜ್ಜ ಹೇಳಿದ್ದು, ಲಾವಣಿ ಹಾಡಿದ್ದು

ಫ್ಲೀಟ್ ಅವರ ಇನ್ನೊಂದು ಕೆಲಸ ನಮ್ಮ ಹುಡುಗಿಯ ಪ್ರಶ್ನೆಗೆ ಇನ್ನೂ ಹತ್ತಿರದ್ದು. 1880ರ ದಶಕದಲ್ಲಿ ಅವರು ನಮ್ಮ ಕಡೆ ಹಾಡುತ್ತಿದ್ದ ಲಾವಣಿಗಳನ್ನು ಬರೆಸಿಕೊಂಡು ಅದೇ ಮಾಸಪತ್ರಿಕೆಯಲ್ಲಿ ಅಚ್ಚು ಮಾಡಿದರು. ಹಲಗಲಿ ಬೇಡರದ್ದು ಅದರಲ್ಲಿದೆ, ಸಂಗೊಳ್ಳಿ ರಾಯಣ್ಣನದ್ದೂ ಇದೆ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಅಂದರೆ ಅವನನ್ನು ಕಂಡವರ ಮಕ್ಕಳು ಇನ್ನೂ ಬದುಕಿದ್ದ ಕಾಲಕ್ಕೆ ಆ ಹಾಡು ಕಾಗದಕ್ಕೆ ಇಳಿಯಿತು. ಯಾರನ್ನು ನೇಣಿಗೇರಿಸಿದರೋ ಅವರ ಹಾಡನ್ನು ಅದೇ ಸರ್ಕಾರದ ನೌಕರ ಅಚ್ಚು ಹಾಕಿಸಿದ್ದು ವಿಚಿತ್ರವೇ. ಆದರೆ ಹಾಕಿಸಿದ್ದರಿಂದ ಇವತ್ತು ನಮಗೆ ದಾಖಲೆ ಸಿಕ್ಕಿದೆ.

ಆದರೆ ಲಾವಣಿಯಲ್ಲಿ ಒಂದು ಊರಿನ ಹೆಸರು ಬಂದಿದ್ದರೆ ಅದರಿಂದ ಏನು ಬರೆಯಬಹುದು? "ಲಾವಣಿಯಲ್ಲಿ ಹೀಗಿದೆ" ಎಂದು ಬರೆಯಬಹುದು. "ಹೀಗೇ ನಡೆಯಿತು" ಎಂದು ಬರೆಯುವ ಹಾಗಿಲ್ಲ. ಅದಕ್ಕೆ ಬೇರೆ ಆಧಾರ ಬೇಕು. ಈ ಎರಡು ವಾಕ್ಯಗಳ ನಡುವಿನ ಅಂತರ ಹೊಸಬರಿಗೆ ಹೊಳೆಯಿತೆಂದರೆ ಅರ್ಧ ಕೆಲಸ ಮುಗಿಯಿತು. ಉಳಿದ ಬಟನ್ನುಗಳನ್ನು ಹುಡುಗರು ನಮಗಿಂತ ಬೇಗ ಕಲಿಯುತ್ತಾರೆ.

ಅಜ್ಜನ ಮಾತು ಸುಳ್ಳು ಎಂದು ಯಾರೂ ಹೇಳುತ್ತಿಲ್ಲ. ಬೇರೆ ಊರಲ್ಲಿ ಕೂತು ಓದುವವನು ಅಜ್ಜನನ್ನು ಕೇಳಲಾರ, ಅಷ್ಟೇ. ಅಚ್ಚಾದ ಪುಸ್ತಕವಾದರೆ ತೆಗೆದು ನೋಡಬಹುದು. ಹಾಗಾಗಿ ವಿಕಿಪೀಡಿಯ ಕೇಳುವುದು ಒಂದೇ ಪ್ರಶ್ನೆ: ಎಲ್ಲಿ ಅಚ್ಚಾಗೇತಿ?

ಈ ಪ್ರಶ್ನೆ ನಮ್ಮ ಕಡೆಗೆ ಹೊಸದಲ್ಲ. ಬಾಸೆಲ್ ಮಿಷನ್ನಿನ ಪಾದ್ರಿಯಾಗಿ 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಧಾರವಾಡ ಕಡೆಯಲ್ಲೇ ಕನ್ನಡ ಕಲಿತವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70 ಸಾವಿರ ಪದಗಳಿವೆ. ಪದದ ಅರ್ಥದ ಪಕ್ಕದಲ್ಲಿ ಅದು ಯಾವ ಕಾವ್ಯದಲ್ಲಿ ಬಂದಿದೆ ಎಂಬ ಗುರುತು ಕೊಟ್ಟಿದ್ದಾರೆ. ಪುಸ್ತಕದಲ್ಲಿ ಸಿಗದ, ಜನರ ಬಾಯಿಂದ ಕೇಳಿದ ಮಾತಾದರೆ ಯಾವ ಸೀಮೆಯದು ಎಂದು ಹಾಕಿದ್ದಾರೆ. ಮೈಸೂರಿನದಕ್ಕೆ ಒಂದು ಗುರುತು, ನಮ್ಮ ಕಡೆಯದಕ್ಕೆ 'ದಕ್ಷಿಣ ಮರಾಠಾ ಸೀಮೆ' ಎಂಬ ಇನ್ನೊಂದು ಗುರುತು. ಆಗ ಮುಂಬೈ ಪ್ರಾಂತ್ಯದವರು ಧಾರವಾಡ ಸೀಮೆಯನ್ನು ಕರೆಯುತ್ತಿದ್ದದ್ದೇ ಹಾಗೆ.

ಕನ್ನಡದ ನಾಡಿಗೆ ಮರಾಠಾ ಸೀಮೆ ಎಂಬ ಹೆಸರು. ಅದರ ವಿರುದ್ಧ ಎದ್ದದ್ದೇ ಕರ್ನಾಟಕ ವಿದ್ಯಾವರ್ಧಕ ಸಂಘ. 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಧಾರವಾಡದಲ್ಲಿ ಹುಟ್ಟಿತು. 1896ರಿಂದ 'ವಾಗ್ಭೂಷಣ' ಎಂಬ ಪತ್ರಿಕೆ ತಂದಿತು. ಅದೇ ಬಳಗದ ಆಲೂರು ವೆಂಕಟರಾಯರು ವರ್ಷಾನುಗಟ್ಟಲೆ ಶಾಸನ, ಗ್ರಂಥ ಓದಿ 1917ರಲ್ಲಿ 'ಕರ್ನಾಟಕ ಗತವೈಭವ' ಹೊರತಂದರು. ನಮಗೂ ಒಂದು ಇತಿಹಾಸ ಇದೆ ಎಂದು ಬರೀ ಭಾಷಣ ಮಾಡಿದ್ದರೆ ಮುಂಬೈಯಲ್ಲಿ ಕೂತವರು ಕೇಳುತ್ತಿರಲಿಲ್ಲ. ಆಲೂರರ ಕೈಯಲ್ಲಿ ಇದ್ದದ್ದು ಎಲಿಯಟ್, ಫ್ಲೀಟ್ ಕಾಲದಿಂದ ಬೆಳೆದು ಬಂದ ಶಾಸನಗಳ ಸಾಲು. ಏಕೀಕರಣದ ಹಿಂದೆ ಅಡಿಟಿಪ್ಪಣಿಗಳೂ ಕೆಲಸ ಮಾಡಿವೆ ಅಂದರೆ ಉತ್ಪ್ರೇಕ್ಷೆ ಅಲ್ಲ.

ಹೊಸ ಸ್ವಯಂಸೇವಕರಿಗೆ ಇದರಲ್ಲೊಂದು ಉಪಯೋಗದ ಸಂಗತಿ ಇದೆ. ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷದವರೆಗೆ ಅವರ ಬರಹದ ಹಕ್ಕು ಅವರ ಮನೆತನಕ್ಕೆ ಸೇರಿದ್ದು ಎನ್ನುತ್ತದೆ ನಮ್ಮ ಕಾಯ್ದೆ. ಆಲೂರರು ತೀರಿಕೊಂಡದ್ದು 1964ರಲ್ಲಿ. ಹಾಗಾಗಿ 2025ರ ಜನವರಿ 1ರಿಂದ ಅವರ ಬರಹ ಎಲ್ಲರ ಸ್ವತ್ತು. ವಿಕಿಪೀಡಿಯದ ಅಕ್ಕ-ತಂಗಿಯಂತಿರುವ ವಿಕಿಸೋರ್ಸ್‌ನಲ್ಲಿ ಅದನ್ನು ಪೂರ್ತಿ ಟೈಪ್ ಮಾಡಿ ಹಾಕಬಹುದು. ಬೇಂದ್ರೆಯವರದು ಹಾಗಲ್ಲ. ಅವರು ಹೋದದ್ದು 1981ರಲ್ಲಿ, 2041 ಮುಗಿಯುವವರೆಗೆ ಕಾಯಬೇಕು. ಧಾರವಾಡದಲ್ಲಿ ಪಾಠ ಮಾಡಿದಾಗಲೆಲ್ಲಾ ಯಾರಾದರೊಬ್ಬರು ಪ್ರೀತಿಯಿಂದ ಬೇಂದ್ರೆ ಪುಟಕ್ಕೆ ಒಂದು ಇಡೀ ಕವಿತೆ ಅಂಟಿಸುತ್ತಾರೆ, ಅದು ಸಂಜೆಯೊಳಗೆ ಹೋಗುತ್ತದೆ. ಈಗ ನಾವು ಅದನ್ನು ಮೊದಲೇ ಹೇಳಿಬಿಡುತ್ತೇವೆ.

ಒಬ್ಬರ ವಿಶ್ವಕೋಶ, ಹಲವರ ವಿಶ್ವಕೋಶ

ಕನ್ನಡದಲ್ಲಿ ವಿಶ್ವಕೋಶಗಳೇ ಇರಲಿಲ್ಲ ಎಂದಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟದ 'ಬಾಲ ಪ್ರಪಂಚ' ತಂದರು, ಮುಂದೆ ನಾಲ್ಕು ಸಂಪುಟದ 'ವಿಜ್ಞಾನ ಪ್ರಪಂಚ'. ಒಬ್ಬರೇ! ಧಾರವಾಡದಲ್ಲೂ ಕೆಲಕಾಲ ನೆಲೆಸಿದ್ದ ನಿರಂಜನರು ಹಲವರನ್ನು ಕೂಡಿಸಿ 'ಜ್ಞಾನ ಗಂಗೋತ್ರಿ'ಯ ಏಳು ಸಂಪುಟ ಮಾಡಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ 14 ಸಂಪುಟ. ಇವೆಲ್ಲ ಹಳ್ಳಿಯ ಮನೆಗೆ ಬರುವ ಪುಸ್ತಕಗಳಲ್ಲ. ತಾಲ್ಲೂಕು ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಬೀಗದೊಳಗೆ ಇರುವಂಥವು. ಆ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳಿ ಕೇಳಿ ಬೆಳೆದವರು ನಾವು.

ಇಂಗ್ಲಿಷ್ ವಿಕಿಪೀಡಿಯ ಶುರುವಾದದ್ದು 2001ರ ಜನವರಿ 15ರಂದು. ಕನ್ನಡದ್ದು 2003ರ ಜೂನ್‌ನಲ್ಲಿ. ಆಗ ಹೆಚ್ಚಿನ ಕಂಪ್ಯೂಟರುಗಳಲ್ಲಿ ಯುನಿಕೋಡ್ ಕನ್ನಡ ನೆಟ್ಟಗೆ ಕಾಣುತ್ತಲೇ ಇರಲಿಲ್ಲ. ಒತ್ತಕ್ಷರ ಒಂದು ಕಡೆ, ಗುಣಿತ ಒಂದು ಕಡೆ. ಹರಿಪ್ರಸಾದ್ ನಾಡಿಗ್, ಯು.ಬಿ. ಪವನಜರಂಥವರು ಆ ದಿನಗಳಿಂದ ಇದಕ್ಕೆ ಹೆಗಲು ಕೊಟ್ಟರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ತನ್ನ ವಿಶ್ವಕೋಶವನ್ನು ಯಾರು ಬೇಕಾದರೂ ಬಳಸಬಹುದಾದ ಮುಕ್ತ ಪರವಾನಗಿಗೆ ಬಿಟ್ಟುಕೊಟ್ಟಿತು. ನಿರಂಜನರ ಪುಸ್ತಕಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಹಾಗೇ ಬಿಟ್ಟುಕೊಟ್ಟರು. ಗಾಜಿನ ಕಪಾಟು ತೆರೆದದ್ದು ಹೀಗೆ.

ನಡುವೆ ಒಂದು ಅಡ್ಡದಾರಿಯೂ ಆಯಿತು. 2009ರ ಸುಮಾರಿಗೆ ಗೂಗಲ್ ಕಂಪನಿ ತನ್ನ ಅನುವಾದ ಸಾಧನದ ಮೂಲಕ, ಹಣ ಕೊಟ್ಟು, ಇಂಗ್ಲಿಷ್ ಲೇಖನಗಳನ್ನು ಭಾರತದ ಕೆಲವು ಭಾಷೆಗಳಿಗೆ ತರಿಸಿತು. ಕನ್ನಡವೂ ಅದರಲ್ಲಿತ್ತು. ಉದ್ದುದ್ದ ಲೇಖನಗಳು ಬಂದವು. ಓದಿದರೆ ಕಲ್ಲು ಕಡಿದ ಹಾಗೆ. ಬಂಗಾಳಿಯವರು ಇಂಥವು ಬೇಡ ಎಂದುಬಿಟ್ಟರು. ಕನ್ನಡದಲ್ಲಿ ಅವುಗಳಲ್ಲಿ ಎಷ್ಟೋ ಉಳಿದವು. ಅವನ್ನು ಸುಲಭ ಕನ್ನಡಕ್ಕೆ ತಿದ್ದುವುದು ಹೊಸಬರಿಗೆ ಇವತ್ತಿಗೂ ಒಳ್ಳೆಯ ಅಭ್ಯಾಸ. ಇನ್ನೊಂದು ಬಗೆಯ ಪುಟಗಳೂ ಇವೆ. ನಮ್ಮ ಉತ್ತರ ಕರ್ನಾಟಕದ ಅನೇಕ ಹಳ್ಳಿಗಳಿಗೆ ಒಂದೇ ಅಚ್ಚಿನಲ್ಲಿ ತೆಗೆದ ಪುಟಗಳು. ಊರ ಹೆಸರು ಬೇರೆ, ಹವಾಮಾನ ಅದೇ, ಬೆಳೆ ಅದೇ, ಹಬ್ಬಗಳೂ ಅದೇ.

ಈಗ ಕನ್ನಡ ವಿಕಿಪೀಡಿಯದಲ್ಲಿ 30 ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ಕನ್ನಡ ಓದುವ ವಿದ್ಯಾರ್ಥಿಗಳಿಗೆ ಇದನ್ನು ಪಾಠದ ಭಾಗ ಮಾಡಿದರು. ಕರಾವಳಿಯಲ್ಲಿ ಕಾಲೇಜುಗಳಲ್ಲೇ ವಿಕಿಪೀಡಿಯ ವಿದ್ಯಾರ್ಥಿ ಸಂಘಗಳು ಹುಟ್ಟಿದವು, 2016ರಲ್ಲಿ ತುಳು ವಿಕಿಪೀಡಿಯವೇ ಬಂತು. ಸಂಘ ಕಟ್ಟುವುದನ್ನು ನಾಡಿಗೆ ತೋರಿಸಿದ ಧಾರವಾಡ ಇದರಲ್ಲಿ ಹಿಂದೆ ಬಿದ್ದಿದೆ ಎಂಬುದು ನಮ್ಮ ಅನಿಸಿಕೆ. ಯಾರಿಗಾದರೂ ಸಿಟ್ಟು ಬಂದರೆ ಬರಲಿ, ಬಂದು ಬರೆಯಲಿ.

ಈಗ ಹೇಗೆ ಕಲಿಸುತ್ತೇವೆ

ಆ ಭಾನುವಾರದ ನಂತರ ಪಾಠದ ಕ್ರಮ ತಿರುವು ಮುರುವು ಮಾಡಿದೆವು. ಮೊದಲ ಒಂದು ಗಂಟೆ ಯಾರೂ ಏನೂ ಬರೆಯುವುದಿಲ್ಲ, ಬರೀ ಹುಡುಕುತ್ತಾರೆ.

ಹುಬ್ಬಳ್ಳಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನಿಂದ ಶುರು ಮಾಡುತ್ತೇವೆ. ಜಗತ್ತಿನಲ್ಲೇ ಉದ್ದದ್ದು ಎಂದು ಎಲ್ಲರಿಗೂ ಗೊತ್ತು, 2023ರ ಮಾರ್ಚ್ 12ರಂದು ಪ್ರಧಾನಿ ಉದ್ಘಾಟಿಸಿದ್ದೂ ಗೊತ್ತು. ಎಷ್ಟು ಮೀಟರ್? ಹುಡುಗರು ಫೋನ್ ತಿಕ್ಕುತ್ತಾರೆ. ಒಬ್ಬನಿಗೆ 1,505 ಸಿಗುತ್ತದೆ, ಇನ್ನೊಬ್ಬಳಿಗೆ 1,507. ಜಗಳ ಶುರು. ಯಾವ ಸುದ್ದಿ ಉದ್ಘಾಟನೆಗೆ ಮುಂಚಿನದು, ಯಾವುದು ಆಮೇಲಿನದು, ಗಿನ್ನೆಸ್ ದಾಖಲೆಯಲ್ಲಿ ಏನಿದೆ ಎಂದು ನೋಡಿಸುತ್ತೇವೆ. 1,507ಕ್ಕೆ ಬಂದು ನಿಲ್ಲುತ್ತಾರೆ. ಎರಡು ಮೀಟರಿಗಾಗಿ ಅರ್ಧ ಗಂಟೆ ಹೋಯಿತಲ್ಲ ಎಂದು ಒಬ್ಬ ಗೊಣಗಿದ. ಆ ಅರ್ಧ ಗಂಟೆಯೇ ಪಾಠ ಎಂದೆವು.

ಆಮೇಲೆ 'ಪ್ರಯೋಗಪುಟ'. ಇದು ಪ್ರತಿ ಖಾತೆಗೂ ಸಿಗುವ ಪಾಟಿ ಇದ್ದ ಹಾಗೆ. ಬರೆದು ಅಳಿಸಬಹುದು, ಬೇರೆಯವರ ಪುಟಕ್ಕೆ ಧಕ್ಕೆ ಇಲ್ಲ. ಅಲ್ಲಿ ಒಂದು ವಾಕ್ಯ, ಅದರ ಹಿಂದೆ ಒಂದು ಉಲ್ಲೇಖ: ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ವರ್ಷ, ಪುಟ. ಒಂದೇ ವಾಕ್ಯ ಸಾಕು. ಯಾರಾದರೂ ತೆಗೆದರೆ ಜಗಳಕ್ಕೆ ನಿಲ್ಲದೆ 'ಚರ್ಚೆಪುಟ'ಕ್ಕೆ ಹೋಗಿ ಯಾಕೆಂದು ಕೇಳಬೇಕು. ಎದುರಿಗಿರುವವರೂ ಸಂಬಳ ಇಲ್ಲದ ಸ್ವಯಂಸೇವಕರೇ. ಹೊಸಬರನ್ನು ಕಚ್ಚಬೇಡಿ ಎಂಬ ಅರ್ಥದ ಮಾರ್ಗಸೂಚಿಯನ್ನು ವಿಕಿಪೀಡಿಯದವರೇ ಬರೆದುಕೊಂಡಿದ್ದಾರೆ. ಅದು ಕಲಿಸುವ ನಮಗೂ ಅನ್ವಯ.

ಫೋಟೊ ಹಾಕುವುದಾದರೆ ನೀವೇ ತೆಗೆದದ್ದು ಇರಲಿ. ಉಣಕಲ್ಲಿನ ಚಂದ್ರಮೌಳೀಶ್ವರ ಗುಡಿಯ ಮುಂದೆ ನಿಂತು ಒಂದು ಒಳ್ಳೆಯ ಚಿತ್ರ ತೆಗೆಯಲು ಹತ್ತು ನಿಮಿಷ ಸಾಕು, ವಾಟ್ಸಾಪಿನಲ್ಲಿ ಬಂದದ್ದು ಯಾಕೆ? ಡಿಟಿಪಿ ಅಂಗಡಿಯಿಂದ ತಂದ ಹಳೆಯ ನುಡಿ ಫೈಲನ್ನು ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಿಚಡಿ ಬರುತ್ತದೆ. ಮೊದಲು ಅದನ್ನು ಯುನಿಕೋಡಿಗೆ ಬದಲಿಸಿಕೊಳ್ಳಬೇಕು.

ಒಂದು ನಾಚಿಕೆಯ ಸಂಗತಿಯನ್ನೂ ಹೇಳಬೇಕು. ಒಂದು ಪಾಠದಲ್ಲಿ, ಪತ್ರಿಕೆಯ ಸುದ್ದಿಯನ್ನು ಉಲ್ಲೇಖವಾಗಿ ಕೊಡುವುದು ಹೇಗೆಂದು ತೋರಿಸಲು ಒಂದು ಊರಿನ ಪುಟ ತೆರೆದೆವು. ಅಲ್ಲಿ ಕೊಟ್ಟಿದ್ದ ಸುದ್ದಿ ನಮ್ಮದೇ! ವರ್ಷಗಳ ಹಿಂದೆ ನಮ್ಮಲ್ಲೊಬ್ಬರು ಕಳಿಸಿದ ಶಾಲೆಯ ವರದಿ. ಹೆಮ್ಮೆಯಿಂದ ಎಲ್ಲರಿಗೂ ಓದಿ ಹೇಳಿದೆವು. ಆ ಊರಿನ ಹುಡುಗ ಕೈ ಎತ್ತಿದ.

"ಸರ್, ಸಾಲಿ ಗ್ವಾಡಿ ಮ್ಯಾಲಿನ ಕಲ್ಲಿನ್ಯಾಗ 1928 ಐತ್ರಿ. ನೀವು 1918 ಅಂತ ಬರದೀರಿ."

ಅವಸರದಲ್ಲಿ ಫೋನಿನಲ್ಲಿ ಕೇಳಿ ಬರೆದದ್ದು. ಪತ್ರಿಕೆಯಲ್ಲಿ ಬಂತು, ಅಲ್ಲಿಂದ ವಿಶ್ವಕೋಶಕ್ಕೆ ಹೋಯಿತು. ನಾಳೆ ಇನ್ನೊಬ್ಬ ವರದಿಗಾರ ವಿಕಿಪೀಡಿಯ ನೋಡಿ ಅದೇ ಇಸವಿ ಬರೆಯುತ್ತಾನೆ, ಆಗ ಅದಕ್ಕೆ ಎರಡು ಆಧಾರ ಆಗುತ್ತದೆ. ಎಲಿಯಟ್ ಕಾಲದ ನಕಲುಗಾರ ಸವೆದ ಕಲ್ಲನ್ನು ಓದಿ ತಪ್ಪಿದ. ನೆಟ್ಟಗಿರುವ ಕಲ್ಲನ್ನು ನೋಡಲು ನಾವು ಹೋಗಲೇ ಇಲ್ಲ. ಆ ಸಾಲನ್ನು ನಾವೇ ತೆಗೆದು, ಯಾಕೆ ತೆಗೆದೆವು ಎಂದು ಚರ್ಚೆಪುಟದಲ್ಲಿ ಬರೆದೆವು. ಹುಡುಗ ಮರುದಿನ ಕಲ್ಲಿನ ಫೋಟೊ ಕಳಿಸಿದ.

ಕಲಘಟಗಿ ಕಡೆಯ ಹುಡುಗಿಯ ಸುದ್ದಿ ಬಹಳ ದಿನ ಇರಲಿಲ್ಲ. ಹೋದ ತಿಂಗಳು ವಾಟ್ಸಾಪಿನಲ್ಲಿ ಎರಡು ಪುಟದ ಫೋಟೊ ಕಳಿಸಿದ್ದಳು. ಊರ ಜಾತ್ರೆಗೆ ಹಿಂದೆ ಯಾವಾಗಲೋ ತಂದಿದ್ದ ಸ್ಮರಣ ಸಂಚಿಕೆ. ಅದರಲ್ಲಿ ಊರಿನ ಹೆಸರಿನ ಬಗ್ಗೆ, ಹುಡೇವಿನ ಬಗ್ಗೆ ನಿವೃತ್ತ ಮಾಸ್ತರರೊಬ್ಬರ ಲೇಖನ ಇದೆ. ರಾಯಣ್ಣನ ಮಾತು ಇಲ್ಲ.

"ಇದು ನಡೀತೈತೇನ್ರಿ ಅಣ್ಣಾರ?"

ಅಚ್ಚು ಮಾಡಿಸಿದವರು ಯಾರು, ಯಾವ ಇಸವಿ ಎಂದು ಕೇಳಿದೆವು. ರಟ್ಟು ಹರಿದಿತ್ತು, ಇಸವಿ ಇರುವ ಪುಟವೇ ಇರಲಿಲ್ಲ. ಸಂಜೆ ಮತ್ತೆ ಮೆಸೇಜ್ ಬಂತು.

"ಮಠದಾಗ ಇನ್ನೊಂದು ಪ್ರತಿ ಐತಂತ್ರಿ. ಅಮಾಸಿ ದಿನ ಹೋಗಿ ನೋಡಿ ಹೇಳ್ತೀನಿ."